ಕಾರ್ಖಾನೆಗಳಲ್ಲಿ ಬದಲಾಗುತ್ತಿರುವ ಕಾರ್ಯವ್ಯವಸ್ಥೆ

ಹೈದರಾಬಾದಿನ ಪೂರ್ವಭಾಗದಲ್ಲಿ, ವರಂಗಲ್ಲಿಗೆ ಹೋಗುವ ಹೆದ್ದಾರಿಯ ಆಸುಪಾಸಿನಲ್ಲಿ ಉಪ್ಪಲ್ ಕೈಗಾರಿಕಾ ಪ್ರದೇಶವಿದೆ. ನೆರೆಯ ನಾಚಾರಂ, ಮಲ್ಲಾಪುರ, ಚೆರ್ಲಪಲ್ಲಿಗಳೊಡನೆ ಸೇರಿ ಅದೊಂದು ವಿಸ್ತಾರವಾದ ಉದ್ಯಮವಲಯ. ಇಂತಹ ಪ್ರದೇಶಗಳ ಸಣ್ಣ ಕಾರ್ಯಾಗಾರಗಳಲ್ಲಿ ಬೆಳಿಗ್ಗೆ ಲೇತ್ ನಡೆಸಿದವನೇ ಮಧ್ಯಾಹ್ನ ರಂಧ್ರ ಕೊರೆಯುವ ಯಂತ್ರದ ಮುಂದೆ ನಿಲ್ಲುವುದೂ, ಸಂಜೆ ಸರಕನ್ನು ಲಾರಿಗೇರಿಸುವುದೂ ಸಾಮಾನ್ಯ. ಕಾರ್ಯನಮ್ಯತೆಯೆಂದು ಇಂದು ಹೊಸದಾಗಿ ಹೇಳಲಾಗುತ್ತಿರುವುದು ಅಲ್ಲಿ ಹಳೆಯ ಸಂಗತಿಯೇ ಸರಿ.

ದೊಡ್ಡ ಕಾರ್ಖಾನೆಗಳ ಮಾತು ಬೇರೆ. ಅಲ್ಲಿ ಒಬ್ಬನಿಗೆ ಒಂದು ಯಂತ್ರ, ಒಂದು ದರ್ಜೆ, ಒಂದು ಪಾಳಿ ಎಂಬ ಕಟ್ಟುನಿಟ್ಟು ಬಹುಕಾಲ ನಡೆಯಿತು. ಈ ಕ್ರಮವನ್ನು ಸಡಿಲಿಸಿದ ಪ್ರಸಿದ್ಧ ಪ್ರಯೋಗ ಜಪಾನಿನ ಟೊಯೊಟಾ ಸಂಸ್ಥೆಯದು. ಎರಡನೆಯ ಮಹಾಯುದ್ಧದ ನಂತರ ಅಲ್ಲಿನ ತಾಯಿಚಿ ಓನೊ ಎಂಬ ಅಭಿಯಂತರರು ಒಬ್ಬ ಕಾರ್ಮಿಕ ಹಲವು ಯಂತ್ರಗಳನ್ನು ನೋಡಿಕೊಳ್ಳುವಂತೆ ಕೆಲಸವನ್ನು ಮರುಜೋಡಿಸಿದರು. ಆದರೆ 1950ರಲ್ಲಿ ಅದೇ ಸಂಸ್ಥೆಯಲ್ಲಿ ತೀವ್ರ ಕಾರ್ಮಿಕ ವಿವಾದವುಂಟಾಗಿ, ಅನೇಕರು ಕೆಲಸ ಬಿಡಬೇಕಾಯಿತು. ಅಧ್ಯಕ್ಷ ಕಿಯಿಚಿರೊ ಟೊಯೊಡಾ ಅವರೂ ರಾಜೀನಾಮೆಯಿತ್ತರು. ಉಳಿದ ಕಾಯಂ ಕಾರ್ಮಿಕರಿಗೆ ಮುಂದೆ ಉದ್ಯೋಗದ ಭದ್ರತೆ ದೊರೆಯಿತು. ಯಾವ ಕೆಲಸಕ್ಕಾದರೂ ಸಿದ್ಧರೆಂಬ ಅವರ ಒಪ್ಪಿಗೆಯ ಹಿಂದೆ ಈ ಭರವಸೆಯಿತ್ತು. ಜಪಾನಿನ ಪದ್ಧತಿಯನ್ನು ಹೊಗಳುವವರು ಇದನ್ನು ಹೆಚ್ಚಾಗಿ ಹೇಳುವುದಿಲ್ಲ.

ಕನ್ನಡನಾಡಿನಲ್ಲಿ ಈ ಪದ್ಧತಿ ಬಿಡದಿಯ ಟೊಯೊಟಾ ಕಿರ್ಲೋಸ್ಕರ್ ಕಾರ್ಖಾನೆಯ ಮೂಲಕ ಪರಿಚಿತವಾಯಿತು. 2020ರ ನವೆಂಬರಿನಲ್ಲಿ ಅಲ್ಲಿ ಮುಷ್ಕರ, ಬೀಗಮುದ್ರೆಗಳು ಘಟಿಸಿದಾಗ, ಕೆಲಸದ ಹೊರೆ ಅತಿಯಾಯಿತೆಂಬುದು ಕಾರ್ಮಿಕರ ಮುಖ್ಯ ದೂರುಗಳಲ್ಲೊಂದಾಗಿತ್ತು. ವಿವಾದ ಮುಗಿದದ್ದು 2021ರ ಮಾರ್ಚಿನಲ್ಲಿ.

ವಾಸ್ತವವಾಗಿ ನಮ್ಯತೆ ಎಂಬ ಒಂದೇ ಪದದಡಿ ಎರಡು ಬೇರೆ ಸಂಗತಿಗಳು ಅಡಗಿವೆ. ಕಾರ್ಮಿಕನು ಹೆಚ್ಚು ಕುಶಲತೆಗಳನ್ನು ಕಲಿತು ಹಲವು ಕೆಲಸಗಳನ್ನು ನಿರ್ವಹಿಸುವುದು ಒಂದು. ಬೇಡಿಕೆಗೆ ತಕ್ಕಂತೆ ಕಾರ್ಮಿಕರ ಸಂಖ್ಯೆಯನ್ನೇ ಏರಿಸಿ ಇಳಿಸುವುದು ಮತ್ತೊಂದು. ಗುತ್ತಿಗೆ ಮತ್ತು ನಿಗದಿತ ಅವಧಿಯ ನೇಮಕ ಈ ಎರಡನೆಯದಕ್ಕೆ ಸೇರುತ್ತವೆ. ಮೊದಲನೆಯದಕ್ಕೆ ತರಬೇತಿಯ ವೆಚ್ಚ ತಗಲುವುದರಿಂದ ಎರಡನೆಯದು ಮಾಲೀಕರಿಗೆ ಸುಲಭವಾಗಿ ತೋರುತ್ತದೆ. ಇಂದು ಬಂದು ನಾಳೆ ಹೋಗುವವನಿಗೆ ಯಾರು ತಾನೆ ಕುಶಲತೆ ಕಲಿಸಿಯಾರು?

ಆದುದರಿಂದ ಕಾನೂನನ್ನು ತಿಳಿದಿರುವುದು ಅಗತ್ಯ. 1947ರ ಕೈಗಾರಿಕಾ ವಿವಾದಗಳ ಅಧಿನಿಯಮದ ಬದಲಿಗೆ 2020ರ ಕೈಗಾರಿಕಾ ಸಂಬಂಧಗಳ ಸಂಹಿತೆಯು 2025ರ ನವೆಂಬರ್ 21ರಿಂದ ಜಾರಿಗೆ ಬಂದಿದೆ. ವೇತನ, ಕೆಲಸದ ಅವಧಿ, ಪಾಳಿ ಮುಂತಾದ ಅನುಸೂಚಿತ ವಿಷಯಗಳಲ್ಲಿ ಬದಲಾವಣೆ ಮಾಡಬೇಕಾದರೆ ಸಾಮಾನ್ಯವಾಗಿ 21 ದಿನಗಳ ಮುನ್ಸೂಚನೆ ನೀಡಬೇಕೆಂಬ ಹಳೆಯ ನಿಯಮ ಹೊಸ ಸಂಹಿತೆಯಲ್ಲೂ ಉಳಿದಿದೆ. ಸರ್ಕಾರದ ಪೂರ್ವಾನುಮತಿಯಿಲ್ಲದೆ ಕಾರ್ಮಿಕರನ್ನು ಕಡಿತಗೊಳಿಸಲಾಗದ ಕಾರ್ಖಾನೆಗಳ ಮಿತಿ ಮಾತ್ರ 100 ಕಾರ್ಮಿಕರಿಂದ 300ಕ್ಕೆ ಏರಿದೆ. ಸಣ್ಣ ಮತ್ತು ಮಧ್ಯಮ ಘಟಕಗಳ ದುಡಿಮೆಗಾರರು ಇದನ್ನು ವಿಶೇಷವಾಗಿ ಗಮನಿಸಬೇಕು. ನಿಗದಿತ ಅವಧಿಗೆ ನೇಮಕಗೊಂಡವರಿಗೆ ಅದೇ ಕೆಲಸದ ಕಾಯಂ ಕಾರ್ಮಿಕರಿಗಿಂತ ಕಡಿಮೆ ವೇತನ ಕೊಡುವಂತಿಲ್ಲ. ಒಂದು ವರ್ಷ ಸೇವೆ ಪೂರೈಸಿದಲ್ಲಿ ಅವರು ಉಪದಾನಕ್ಕೂ ಅರ್ಹರು. ಕಡಿತಗೊಂಡ ಕಾರ್ಮಿಕನ ಮರುಕುಶಲತೆಗಾಗಿ ಮಾಲೀಕರು ಅವನ 15 ದಿನಗಳ ವೇತನಕ್ಕೆ ಸಮನಾದ ಹಣವನ್ನು ನಿಧಿಗೆ ಸಲ್ಲಿಸಬೇಕು; ಕಡಿತವಾದ 45 ದಿನಗಳೊಳಗೆ ಅದು ಕಾರ್ಮಿಕನ ಖಾತೆಗೆ ಜಮೆಯಾಗತಕ್ಕದ್ದು. ನೇಮಕಾತಿ ಪತ್ರ, ವೇತನ ಚೀಟಿಗಳನ್ನು ಜೋಪಾನವಾಗಿಟ್ಟುಕೊಂಡವರಿಗೆ ಈ ಹಕ್ಕುಗಳನ್ನು ಕೇಳುವುದು ಸುಲಭವಾಗುತ್ತದೆ.