ಮೀಟರ್ ತೋರಿಸದ ಶುಗರ್

ರಕ್ತ ಪರೀಕ್ಷೆಯ ಚೀಟಿ ಕೈಗೆ ಬಂದ ದಿನವೇ ಮನುಷ್ಯ ಒಳಗೊಳಗೆ ಐದು ಪ್ರಶ್ನೆ ಹಾಕಿಕೊಳ್ಳುತ್ತಾನೆ. ಇದು ಎಂಥ ಕಾಯಿಲೆ? ನನಗೇ ಯಾಕೆ ಬಂತು? ಎಷ್ಟು ದಿನ ಇರುತ್ತೆ? ಮುಂದೆ ಏನೇನು ಮಾಡುತ್ತೆ? ನನ್ನ ಕೈಲಿ ಏನಾದರೂ ಇದೆಯಾ? ಡಾಕ್ಟರು ಬಾಯಿ ಬಿಡುವ ಹೊತ್ತಿಗೆ ಬೀಗರು, ಓಣಿಯವರು, ವಾಟ್ಸಾಪ್ ಗುಂಪಿನವರು ಸೇರಿ ಐದಕ್ಕೂ ಉತ್ತರ ಕೊಟ್ಟು ಮುಗಿಸಿರುತ್ತಾರೆ.

ಅಮೆರಿಕದ ಮನೋವಿಜ್ಞಾನಿ ಹೊವಾರ್ಡ್ ಲೆವೆಂಥಾಲ್ ಮತ್ತು ಅವರ ಜಾಡಿನಲ್ಲಿ ಬಂದವರು ರೋಗಿ ತನ್ನ ರೋಗವನ್ನು ಹೇಗೆ ಅರ್ಥ ಮಾಡಿಕೊಳ್ಳುತ್ತಾನೆ ಎಂದು ಅಭ್ಯಾಸ ಮಾಡಿದ್ದು ಈ ಐದು ಪ್ರಶ್ನೆಗಳನ್ನೇ ಹಿಡಿದು. 1996ರಲ್ಲಿ ಜಾನ್ ವೈನ್‌ಮನ್, ಕೀತ್ ಪೆಟ್ರಿ ಮೊದಲಾದವರು ಅದಕ್ಕೊಂದು ಪ್ರಶ್ನಾವಳಿ ಮಾಡಿದರು. ಅಲ್ಲಿಂದಾಚೆಗೆ ಹಲವು ದೇಶಗಳ ಸಕ್ಕರೆ ಕಾಯಿಲೆಯವರು ಅದನ್ನು ತುಂಬಿಕೊಟ್ಟಿದ್ದಾರೆ. ಕಾಯಿಲೆ ತನ್ನ ಬದುಕನ್ನೇ ನುಂಗಿತು ಎಂದುಕೊಂಡವರಲ್ಲಿ ನೆಮ್ಮದಿ ಕಡಿಮೆ, ಒಂದಷ್ಟಾದರೂ ತನ್ನ ಹಿಡಿತದಲ್ಲಿದೆ ಎಂದುಕೊಂಡವರಲ್ಲಿ ಹೆಚ್ಚು ಎಂಬುದು ಮತ್ತೆ ಮತ್ತೆ ಕಂಡಿದೆ. ಯಾವುದು ಮೊದಲು, ಯಾವುದು ಆಮೇಲೆ ಎಂದು ಬಿಡಿಸಿ ಹೇಳುವುದು ಕಷ್ಟ. ಮನಸ್ಸು ಕುಗ್ಗಿದವನಿಗೆ ಎಲ್ಲವೂ ಕಪ್ಪಾಗಿಯೇ ಕಾಣುತ್ತದೆ. ಆದರೂ 2023ರಲ್ಲಿ ಪ್ರಕಟವಾದ ಐಸಿಎಂಆರ್-ಇಂಡಿಯಾಬ್ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ 10 ಕೋಟಿಗೂ ಹೆಚ್ಚು ಮಂದಿಗೆ ಈ ಕಾಯಿಲೆ ಇದೆ. ಅವರ ತಲೆಯಲ್ಲಿ ಕೂತಿರುವ ಉತ್ತರಗಳನ್ನೂ ಒಮ್ಮೆ ಪರೀಕ್ಷೆ ಮಾಡಬೇಕಲ್ಲ.

“ಸಿಹಿ ತಿಂದು ತಿಂದು ನಾನೇ ತಂದ್ಕೊಂಡೆ”

ಎಲ್ಲಕ್ಕಿಂತ ಹೆಚ್ಚು ಕೇಳಿಬರುವ ಮಾತು ಇದು, ಎಲ್ಲಕ್ಕಿಂತ ಹೆಚ್ಚು ಒಳಗೆ ಕೊರೆಯುವ ಮಾತೂ ಇದೇ. ಟೈಪ್ 1ರಲ್ಲಿ ದೇಹದ ರಕ್ಷಣಾ ವ್ಯವಸ್ಥೆಯೇ ದಾರಿ ತಪ್ಪಿ, ಇನ್ಸುಲಿನ್ ತಯಾರಿಸುವ ಬೀಟಾ ಕೋಶಗಳನ್ನು ಕೊಲ್ಲುತ್ತದೆ. ಮಗು ತಿಂದ ಚಾಕೊಲೇಟಿಗೂ ಅದಕ್ಕೂ ಸಂಬಂಧವಿಲ್ಲ. ಟೈಪ್ 2ರಲ್ಲಿ ವಂಶ, ವಯಸ್ಸು, ಹೊಟ್ಟೆಯೊಳಗೆ ಕೂಡಿದ ಕೊಬ್ಬು, ಕೂತೇ ಮಾಡುವ ಕೆಲಸ ಎಲ್ಲದರ ಪಾಲೂ ಇದೆ. ಸಿಹಿ ಪಾನೀಯಗಳು ತೂಕ ಏರಿಸಿ ಅಪಾಯ ಹೆಚ್ಚಿಸುತ್ತವೆ, ನಿಜ. ಹಾಗಂತ ಇಡೀ ಕಾಯಿಲೆಯನ್ನು ಮೈಸೂರ್ ಪಾಕಿನ ತಲೆಗೆ ಕಟ್ಟಲು ಬರುವುದಿಲ್ಲ.

2004ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಒಂದು ಫೋಟೋ ಬಂತು. ಪುಣೆಯ ಡಾ. ಚಿತ್ತರಂಜನ್ ಯಾಜ್ಞಿಕ್ ಮತ್ತು ಲಂಡನ್ನಿನ ಡಾ. ಜಾನ್ ಯುಡ್ಕಿನ್ ಅಕ್ಕಪಕ್ಕ ನಿಂತಿದ್ದಾರೆ. ಎತ್ತರಕ್ಕೆ ತಕ್ಕ ತೂಕದ ಅಳತೆಯಾದ ಬಿಎಂಐ ಇಬ್ಬರದೂ ಒಂದೇ, 22.3. ಯುಡ್ಕಿನ್ ಮೈಯಲ್ಲಿ ಕೊಬ್ಬು ಶೇ 9.1, ಯಾಜ್ಞಿಕ್ ಮೈಯಲ್ಲಿ ಶೇ 21.2. ತೆಳ್ಳಗೆ ಕಾಣುವ ಭಾರತೀಯನೂ ಒಳಗೆ ಕೊಬ್ಬು ಹೊತ್ತಿರಬಹುದು ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಇನ್ನೂ ಹಿಂದಕ್ಕೆ ಹೋಗೋಣ. ಮೈಸೂರಿನ ಹೋಲ್ಡ್ಸ್‌ವರ್ತ್ ಮೆಮೋರಿಯಲ್ ಆಸ್ಪತ್ರೆ, ಊರಿನವರ ಬಾಯಲ್ಲಿ ಮಿಷನ್ ಆಸ್ಪತ್ರೆ, 1934ರಿಂದ ಹೆರಿಗೆಗಳ ದಾಖಲೆ ಕಾಪಾಡಿಕೊಂಡು ಬಂದಿತ್ತು. ಹುಟ್ಟಿದಾಗ ಕೂಸಿನ ತೂಕ ಎಷ್ಟು, ಉದ್ದ ಎಷ್ಟು, ತಾಯಿಯ ತೂಕ ಎಷ್ಟು ಎಂದು ಬರೆದಿಟ್ಟ ಹಳೆಯ ಪುಸ್ತಕಗಳು. ಅದೇ ಆಸ್ಪತ್ರೆಯಲ್ಲಿ ಹುಟ್ಟಿ ನಡುವಯಸ್ಸಿಗೆ ಬಂದಿದ್ದ ಸುಮಾರು 500 ಜನರನ್ನು 1990ರ ದಶಕದಲ್ಲಿ ಹುಡುಕಿ ತೆಗೆದು, ಕ್ಯಾರೊಲಿನ್ ಫಾಲ್ ಮತ್ತು ಸಂಗಡಿಗರು ರಕ್ತ ಪರೀಕ್ಷೆ ಮಾಡಿದರು. ಹುಟ್ಟಿದಾಗ ಗಿಡ್ಡಗೆ, ದುಂಡಗೆ ಇದ್ದವರಲ್ಲಿ, ತೂಕ ಹೆಚ್ಚಿದ್ದ ತಾಯಂದಿರ ಮಕ್ಕಳಲ್ಲಿ ಸಕ್ಕರೆ ಕಾಯಿಲೆ ಹೆಚ್ಚು ಕಂಡಿತು. ಮೊದಲ ಹೋಳಿಗೆ ಬಾಯಿಗೆ ಬೀಳುವ ಎಷ್ಟೋ ಮೊದಲೇ ಲೆಕ್ಕದ ಒಂದು ಭಾಗ ಶುರುವಾಗಿರುತ್ತದೆ ಎಂದಾಯಿತು.

ತಪ್ಪು ನನ್ನದೇ ಎಂದುಕೊಂಡವರು ಏನು ಮಾಡುತ್ತಾರೆ? ಮುಚ್ಚಿಡುತ್ತಾರೆ. ಡಾಕ್ಟರ ಹತ್ತಿರ ಹೋಗುವ ಹಿಂದಿನ ಮೂರು ದಿನ ಪಥ್ಯ ಮಾಡಿ ಒಳ್ಳೆ ಅಂಕಿ ತರುತ್ತಾರೆ. ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ ಪರೀಕ್ಷೆ ಮಾತ್ರ ಗುಟ್ಟು ಬಿಟ್ಟುಕೊಡುತ್ತದೆ. ಸುತ್ತಲಿನವರೂ ಇದಕ್ಕೆ ಉಪ್ಪುಖಾರ ಹಚ್ಚುತ್ತಾರೆ. ಮದುವೆ ಮನೆಯ ಎರಡನೇ ಪಂಕ್ತಿ ನೆನಪಿಸಿಕೊಳ್ಳಿ. ಹೋಳಿಗೆ ಹಿಡಿದು ಬಂದ ಹುಡುಗ ಬಗ್ಗುವ ಮೊದಲೇ ಎದುರು ಸಾಲಿನ ನಾದಿನಿ ಕೂಗುತ್ತಾಳೆ: “ಏಯ್, ನಮ್ಮತ್ತಿಗೆಗೆ ಶುಗರ್ ಕಣಪ್ಪಾ, ಹಾಕ್ಬೇಡ!” ಇಡೀ ಸಾಲು ತಿರುಗಿ ನೋಡುತ್ತದೆ. ಅತ್ತಿಗೆ ಎಲೆಗೆ ಕೈ ಅಡ್ಡ ಹಿಡಿದು ನಗುತ್ತಾರೆ. ಆಮೇಲೆ ಸಾರಿಗೊಮ್ಮೆ, ಹುಳಿಗೊಮ್ಮೆ, ಮಜ್ಜಿಗೆಗೊಮ್ಮೆ ಅನ್ನ ಹಾಕಿಸಿಕೊಳ್ಳುತ್ತಾರೆ. ಆಗ ನಾದಿನಿಯ ಸದ್ದಿಲ್ಲ. ಅರ್ಧ ಹೋಳಿಗೆ ತಿಂದು ಅನ್ನ ಒಂದೇ ಸಲಕ್ಕೆ ನಿಲ್ಲಿಸಿದ್ದರೆ ರಕ್ತದ ಸಕ್ಕರೆಗೂ ಒಳ್ಳೆಯದಿತ್ತೇನೋ, ಮರ್ಯಾದೆಗಂತೂ ಖಂಡಿತ. ಈ ಬಗೆಯ ಕಾವಲಿನಿಂದ ಬೇಸತ್ತವರಿಗಾಗಿಯೇ ಅಮೆರಿಕದ ಮನೋವಿಜ್ಞಾನಿ ವಿಲಿಯಂ ಪೊಲೊನ್‌ಸ್ಕಿ ಅವರ ಸಂಸ್ಥೆ ಒಂದು ಪುಟ್ಟ ಕಾರ್ಡ್ ಅಚ್ಚು ಹಾಕಿಸಿದೆ: ಡಯಾಬಿಟಿಸ್ ಇಲ್ಲದವರು ಇರುವವರ ಜೊತೆ ಹೇಗೆ ನಡೆದುಕೊಳ್ಳಬೇಕು ಎಂದು. ಕೇಳದೆ ಊಟದ ಬುದ್ಧಿವಾದ ಹೇಳಬೇಡಿ ಎಂಬುದಕ್ಕೆ ಅದರಲ್ಲಿ ಮೊದಲ ಸ್ಥಾನ.

“ಹೆದರಿಸಿದ್ರೇನೇ ದಾರಿಗೆ ಬರೋದು”

“ಹೀಗೇ ಮಾಡ್ತಾ ಇರಿ, ಕಾಲು ತೆಗೀಬೇಕಾಗುತ್ತೆ.” “ಕಿಡ್ನಿ ಹೋದ್ಮೇಲೆ ಬುದ್ಧಿ ಬರುತ್ತೆ ಬಿಡಿ.” ಮನೆಯವರು ಆಡುತ್ತಾರೆ, ಕೆಲವು ಡಾಕ್ಟರೂ ಆಡುತ್ತಾರೆ. ಇದಕ್ಕೆ ಉತ್ತರ 1965ರಲ್ಲೇ ಸಿಕ್ಕಿದೆ. ಕೊಟ್ಟವರು ಅದೇ ಲೆವೆಂಥಾಲ್.

ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಕೊನೆಯ ವರ್ಷದ ವಿದ್ಯಾರ್ಥಿಗಳಿಗೆ ಧನುರ್ವಾಯುವಿನ ಬಗ್ಗೆ ಪುಸ್ತಿಕೆ ಹಂಚಿದರು. ಕೆಲವರಿಗೆ ಎದೆ ನಡುಗಿಸುವಂಥದ್ದು, ಕೆಲವರಿಗೆ ಸೌಮ್ಯವಾದದ್ದು. ಭೀಕರ ಪುಸ್ತಿಕೆ ಓದಿದವರು ಹೆಚ್ಚು ಹೆದರಿದರು, ಇಂಜೆಕ್ಷನ್ ಹಾಕಿಸಿಕೊಳ್ಳಲೇಬೇಕು ಎಂದು ತಲೆಯಾಡಿಸಿದರು. ಆದರೆ ಹೋಗಿ ಹಾಕಿಸಿಕೊಂಡವರನ್ನು ಎಣಿಸಿದಾಗ ಪುಸ್ತಿಕೆ ಎಷ್ಟು ಭೀಕರವಾಗಿತ್ತು ಎಂಬುದು ಲೆಕ್ಕಕ್ಕೇ ಬರಲಿಲ್ಲ. ವ್ಯತ್ಯಾಸ ಮಾಡಿದ್ದು ಬೇರೆಯೇ. ಕೆಲವರಿಗೆ ಕ್ಯಾಂಪಸ್ಸಿನ ನಕ್ಷೆ ಕೊಟ್ಟು, ಆರೋಗ್ಯ ಕೇಂದ್ರ ಎಲ್ಲಿದೆ ಎಂದು ಗುರುತು ಹಾಕಿ, ವಾರದ ತರಗತಿಗಳ ನಡುವೆ ಯಾವಾಗ ಆ ಕಡೆ ಹೋಗುತ್ತೀರಿ ನೋಡಿಕೊಳ್ಳಿ ಎಂದಿದ್ದರು. ಅವರಲ್ಲಿ ಸುಮಾರು ಶೇ 28 ಮಂದಿ ಹೋದರು. ಬರೀ ಪುಸ್ತಿಕೆ ಓದಿದವರಲ್ಲಿ ಸುಮಾರು ಶೇ 3.

ಪುಸ್ತಿಕೆ ಓದದೆ ನಕ್ಷೆ ಮಾತ್ರ ಸಿಕ್ಕವರೂ ಹೋಗಲಿಲ್ಲ ಎಂಬುದನ್ನು ಮರೆಯಬಾರದು. ಅಪಾಯ ಇದೆ ಎಂಬ ತಿಳಿವು ಬೇಕು. ಕಾಲಿನ ಹುಣ್ಣು, ಕಣ್ಣಿನ ಪರದೆಯ ತೊಂದರೆ, ಮೂತ್ರಪಿಂಡದ ತೊಂದರೆ ಯಾವುದೂ ಕಟ್ಟುಕತೆಯಲ್ಲ. ಆದರೆ “ಕಾಲು ತೆಗೀಬೇಕಾಗುತ್ತೆ” ಎಂಬ ಮಾತು ರೋಗಿಯನ್ನು ರಾತ್ರಿ ನಿದ್ದೆಗೆಡಿಸಿ ಸುಮ್ಮನಾಗುತ್ತದೆ. “ಸ್ನಾನ ಆದ್ಮೇಲೆ ಬೆರಳ ಸಂದಿ ಒರೆಸಿ, ಕನ್ನಡಿ ಹಿಡಿದು ಅಂಗಾಲು ನೋಡ್ಕೊಳ್ಳಿ, ಮನೆಯೊಳಗೂ ಚಪ್ಪಲಿ ಹಾಕಿ” ಎಂಬ ಮಾತಿನಿಂದ ಕಾಲು ಉಳಿಯುವ ಸಾಧ್ಯತೆ ಹೆಚ್ಚು.

“ಏರಿದ್ರೆ ನಂಗೇ ಗೊತ್ತಾಗುತ್ತೆ”

ತಲೆ ಸುತ್ತು, ಸುಸ್ತು, ಬಾಯಿ ಒಣಗುವುದು ಇವೇ ತನ್ನ ಮೀಟರ್ ಎಂದು ನಂಬಿದವರು ಬಹಳ. ಸಕ್ಕರೆ ತೀರಾ ಏರಿದಾಗ ಬಾಯಾರಿಕೆ, ಪದೇ ಪದೇ ಮೂತ್ರ ಕಾಣಿಸುವುದು ಹೌದು. 180, 220ರ ಆಸುಪಾಸಿನಲ್ಲಿ ಎಷ್ಟೋ ಜನಕ್ಕೆ ಏನೂ ಗೊತ್ತಾಗುವುದಿಲ್ಲ. ಹಾನಿ ಮಾತ್ರ ಒಳಗೆ ಸದ್ದಿಲ್ಲದೆ ನಡೆದಿರುತ್ತದೆ. ಇನ್ನೊಂದು ಕಡೆ, ನಿದ್ದೆಗೆಟ್ಟ ಸುಸ್ತನ್ನೆಲ್ಲ ಶುಗರ್ ಖಾತೆಗೆ ಹಾಕುವವರು ಅಗತ್ಯಕ್ಕಿಂತ ಹೆಚ್ಚು ರೋಗಿಯಾಗಿ ಬದುಕುತ್ತಾರೆ. ಮೊದಲು ಹೇಳಿದ ಅಧ್ಯಯನಗಳಲ್ಲಿ ನೆಮ್ಮದಿ ಕಡಿಮೆ ಇದ್ದವರ ಒಂದು ಗುರುತೇ ಇದು: ಮೈಯ ಎಲ್ಲ ನೋವನ್ನೂ ಒಂದೇ ಕಾಯಿಲೆಗೆ ಜೋಡಿಸುವುದು.

“ನಾರ್ಮಲ್ ಬಂತು, ಮಾತ್ರೆ ಬಿಟ್ಟೆ”

ಸಕ್ಕರೆ ಹೆಚ್ಚಿದ್ದಾಗ ಮಾತ್ರ ಕಾಯಿಲೆ ಇದೆ, ಇಳಿದಾಗ ಇಲ್ಲ ಎಂದು ತಿಳಿದವರು ಮಾತ್ರೆ ತಪ್ಪಿಸುವುದು ಹೆಚ್ಚು ಎಂದು ನ್ಯೂಯಾರ್ಕಿನ ರೋಗಿಗಳ ಮೇಲಿನ ಒಂದು ಅಧ್ಯಯನ 2009ರಲ್ಲಿ ತೋರಿಸಿತು. ಜ್ವರದ ಲೆಕ್ಕ ಇಲ್ಲಿ ನಡೆಯುವುದಿಲ್ಲ. ನಾರ್ಮಲ್ ಬಂದದ್ದು ಬಹುಪಾಲು ಮಾತ್ರೆಯ ದೆಸೆಯಿಂದಲೇ.

ಹಾಗಾದರೆ ಸಾಯುವತನಕ ಬಿಡುಗಡೆಯೇ ಇಲ್ಲವೇ? ಅದೂ ಪೂರ್ತಿ ನಿಜವಲ್ಲ. ಬ್ರಿಟನ್ನಿನಲ್ಲಿ ರಾಯ್ ಟೇಲರ್, ಮೈಕ್ ಲೀನ್ ನಡೆಸಿದ ‘ಡೈರೆಕ್ಟ್’ ಪ್ರಯೋಗದಲ್ಲಿ ಟೈಪ್ 2 ಬಂದು 6 ವರ್ಷ ಮೀರದ, ತೂಕ ಹೆಚ್ಚಿದ್ದವರು ವೈದ್ಯರ ನಿಗಾದಲ್ಲಿ ತೂಕ ಗಣನೀಯವಾಗಿ ಇಳಿಸಿದರು. ಒಂದು ವರ್ಷದ ಕೊನೆಗೆ ಶೇ 46 ಮಂದಿ ಮಾತ್ರೆಯಿಲ್ಲದೆ ಸಕ್ಕರೆ ಕಾಯಿಲೆಯ ಗಡಿಯಿಂದ ಕೆಳಗೆ ಬಂದಿದ್ದರು; ಎರಡು ವರ್ಷಕ್ಕೆ ಅದು ಶೇ 36ಕ್ಕೆ ಇಳಿಯಿತು. ತೂಕ ಮರಳಿದರೆ ಕಾಯಿಲೆಯೂ ಮರಳುತ್ತದೆ. ಇದಕ್ಕೂ, ಬಸ್ಸಿನ ಸೀಟಿನ ಹಿಂದೆ ಅಂಟಿಸಿದ “ಬುಡಸಮೇತ ಗುಣ” ಎಂಬ ಚೀಟಿಗೂ ಏನೇನೂ ಸಂಬಂಧವಿಲ್ಲ. ಸಕ್ಕರೆ ಕಾಯಿಲೆ ವಾಸಿ ಮಾಡುತ್ತೇವೆ ಎಂದು ಜಾಹೀರಾತು ಕೊಡುವುದೇ 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಕಾಯ್ದೆಯಡಿ ಅಪರಾಧ.

“ಇನ್ಸುಲಿನ್ ಅಂದ್ರೆ ಕೊನೇ ಸ್ಟೇಜು”

ವರ್ಷಗಟ್ಟಲೆ “ಮಾತು ಕೇಳದಿದ್ರೆ ಇನ್ಸುಲಿನ್ ಚುಚ್ಚಬೇಕಾಗುತ್ತೆ” ಎಂದು ಗದರಿಸಿ, ಒಂದು ದಿನ ಅದನ್ನೇ ಬರೆದುಕೊಟ್ಟರೆ ರೋಗಿಗೆ ಅದು ಶಿಕ್ಷೆಯಾಗಿಯೇ ಕಾಣುತ್ತದೆ. ಬ್ರಿಟನ್ನಿನಲ್ಲಿ 1977ರಲ್ಲಿ ಶುರುವಾದ ಯುಕೆಪಿಡಿಎಸ್ ಎಂಬ ದೊಡ್ಡ ಅಧ್ಯಯನ ಬೇರೆ ಚಿತ್ರ ಕೊಟ್ಟಿತು. ಒಂದೇ ಬಗೆಯ ಔಷಧದಲ್ಲಿ ಗುರಿ ಮುಟ್ಟುತ್ತಿದ್ದವರು ಮೂರು ವರ್ಷದ ಹೊತ್ತಿಗೆ ಸುಮಾರು ಅರ್ಧ, ಒಂಬತ್ತು ವರ್ಷದ ಹೊತ್ತಿಗೆ ಸುಮಾರು ಕಾಲು ಭಾಗ. ಶ್ರದ್ಧೆಯಿಂದ ಪಥ್ಯ ಮಾಡಿದವರಲ್ಲೂ ಬೀಟಾ ಕೋಶಗಳು ಕಾಲಕ್ರಮದಲ್ಲಿ ಸೋಲುತ್ತವೆ. ಸೂಜಿ ಬಂದದ್ದು ಕೋಶಗಳ ಕತೆ, ರೋಗಿಯ ನಡತೆಯ ಮೇಲಿನ ತೀರ್ಪಲ್ಲ.

“ರಿಪೋರ್ಟ್ ಚೆನ್ನಾಗಿದೆಯಲ್ಲ, ಇನ್ನೇನು ಚಿಂತೆ?”

ಅಂಕಿ ಚೆನ್ನಾಗಿದ್ದೂ ಒಳಗೆ ದಣಿದವರಿರುತ್ತಾರೆ. ದಿನವೂ ಮಾತ್ರೆ, ಚುಚ್ಚು, ಲೆಕ್ಕ, ಊಟದ ಮುಂದೆ ಅನುಮಾನ. ರಜೆ ಇಲ್ಲದ ನೌಕರಿ. ಈ ದಣಿವನ್ನು ಅಳೆಯಲು 1995ರಲ್ಲಿ ಮೊದಲಾಗಿ ಮಾಪಕ ಮಾಡಿದವರಲ್ಲಿ ಪೊಲೊನ್‌ಸ್ಕಿ ಒಬ್ಬರು. ಇದು ಖಿನ್ನತೆಗಿಂತ ಬೇರೆ. ಖಿನ್ನತೆ ಬದುಕಿನ ಎಲ್ಲದರ ಮೇಲೂ ಕವಿಯುತ್ತದೆ, ಈ ದಣಿವು ಕಾಯಿಲೆಯ ಚಾಕರಿಯಿಂದ ಹುಟ್ಟುತ್ತದೆ. ಒಂದಕ್ಕೆ ಕೊಡುವ ಗುಳಿಗೆ ಇನ್ನೊಂದಕ್ಕೆ ಮದ್ದಾಗಬೇಕೆಂದಿಲ್ಲ.

ಭಾರತವೂ ಸೇರಿ 17 ದೇಶಗಳಲ್ಲಿ ನಡೆದು 2013ರಲ್ಲಿ ಪ್ರಕಟವಾದ ಡಾನ್-2 ಅಧ್ಯಯನದಲ್ಲಿ ಸುಮಾರು 8,600 ರೋಗಿಗಳನ್ನು ಮಾತಾಡಿಸಿದ್ದರು. ಶೇ 13.8 ಮಂದಿಯಲ್ಲಿ ಖಿನ್ನತೆಯ ಲಕ್ಷಣ ಕಂಡರೆ, ಕಾಯಿಲೆಯ ದಣಿವು ಶೇ 44.6 ಮಂದಿಯಲ್ಲಿತ್ತು. ಈ ಕಾಯಿಲೆಯಿಂದ ನಿಮ್ಮ ಬದುಕು ಹೇಗಾಗಿದೆ ಎಂದು ಆಸ್ಪತ್ರೆಯವರು ಕೇಳಿದ್ದರು ಎಂದವರು ಶೇ 23.7 ಮಾತ್ರ. (ಅಧ್ಯಯನಕ್ಕೆ ದುಡ್ಡು ಹಾಕಿದ್ದು ಇನ್ಸುಲಿನ್ ಮಾರುವ ನೊವೊ ನಾರ್ಡಿಸ್ಕ್ ಕಂಪನಿ. ಆದರೂ ಈ ಕೊನೆಯ ಅಂಕಿಯನ್ನು ನಂಬಲು ನಮ್ಮ ಯಾವುದೇ ಹೊರರೋಗಿ ವಿಭಾಗದಲ್ಲಿ ಅರ್ಧ ಗಂಟೆ ಕೂತರೆ ಸಾಕು.) ನೆಮ್ಮದಿ ಅಳೆಯಲು ಡಾನ್-2ರಲ್ಲಿ ಬಳಸಿದ ಡಬ್ಲ್ಯುಎಚ್‌ಒ-5 ಎಂಬ ಪಟ್ಟಿಯಲ್ಲಿ ಇರುವುದು ಐದೇ ಸಾಲು: ಕಳೆದ ಎರಡು ವಾರ ಉಲ್ಲಾಸವಿತ್ತೇ, ಮನಸ್ಸು ಹಗುರವಿತ್ತೇ, ಚಟುವಟಿಕೆಯಿತ್ತೇ, ಬೆಳಗ್ಗೆ ಏಳುವಾಗ ನಿದ್ದೆ ಆಗಿದೆ ಅನ್ನಿಸಿತೇ, ದಿನದಲ್ಲಿ ಮನಸ್ಸಿಗೆ ಹಿಡಿಸುವಂಥದ್ದು ಏನಾದರೂ ಇತ್ತೇ. ಟೋಕನ್ ಹಿಡಿದು ಕಾಯುವ ಹೊತ್ತಿನಲ್ಲಿ ತುಂಬಿ ಕೊಡಬಹುದು.

“ಧೈರ್ಯ ಒಂದಿದ್ರೆ ಶುಗರ್ ತಾನೇ ಇಳಿಯುತ್ತೆ”

ಇಷ್ಟು ಓದಿದವರು ಈ ತುದಿಗೆ ಜಾರಬಾರದು. ನಂಬಿಕೆಗಳಿಗೂ ಎಚ್‌ಬಿಎ1ಸಿಗೂ ನಂಟು ಇದೆ, ಆದರೆ ಅದು ತೆಳುವಾದ ನಂಟು. ನೆಮ್ಮದಿ ಬಂದರೆ ಮಾತ್ರೆ ನೆನಪಿರುತ್ತದೆ, ನಡಿಗೆ ತಪ್ಪುವುದಿಲ್ಲ. ಇನ್ಸುಲಿನ್ ಕೆಲಸವನ್ನು ಅದು ಮಾಡಿಕೊಡುವುದಿಲ್ಲ. 1922ರ ಜನವರಿಯಲ್ಲಿ ಟೊರಾಂಟೊದ 14 ವರ್ಷದ ಲಿಯೊನಾರ್ಡ್ ಥಾಂಪ್ಸನ್‌ಗೆ ಮೊದಲ ಚುಚ್ಚು ಬೀಳುವವರೆಗೆ ಟೈಪ್ 1 ಬಂದ ಮಕ್ಕಳು ಉಪವಾಸದ ಪಥ್ಯದಲ್ಲಿ ಸವೆದು ಸಾಯುತ್ತಿದ್ದರು. ಅವರಿಗೇನೂ ಧೈರ್ಯ ಕಡಿಮೆಯಿರಲಿಲ್ಲ. ಇವತ್ತಿಗೂ ಕಷಾಯ, ಪ್ರಾರ್ಥನೆ, ಮನೋಬಲ ಎಂದು ಟೈಪ್ 1 ಮಗುವಿನ ಇನ್ಸುಲಿನ್ ನಿಲ್ಲಿಸಿದರೆ ಕೆಲವೇ ದಿನದಲ್ಲಿ, ಕೆಲವೊಮ್ಮೆ ಒಂದೇ ದಿನದಲ್ಲಿ ರಕ್ತ ಆಮ್ಲೀಯವಾಗುತ್ತದೆ. ವಾಂತಿ, ಹೊಟ್ಟೆನೋವು, ಆಳವಾದ ಬಿರುಸಿನ ಉಸಿರು, ಉಸಿರಲ್ಲಿ ಕೊಳೆತ ಹಣ್ಣಿನಂಥ ವಾಸನೆ ಕಂಡರೆ ಮನೆಯಲ್ಲಿ ಕೂರದೆ ಆಸ್ಪತ್ರೆಗೆ ಓಡಬೇಕು. ಜ್ವರ ಬಂದು ಊಟ ಸೇರದ ದಿನವೂ ಇನ್ಸುಲಿನ್ ಪೂರ್ತಿ ಬಿಡುವಂತಿಲ್ಲ. ಎಷ್ಟು ಹಾಕಬೇಕೆಂದು ಡಾಕ್ಟರಿಗೆ ಫೋನ್ ಮಾಡಿ ಕೇಳಿಕೊಳ್ಳಬೇಕು.