ಒಳಗಿನ ಎರಡು ದನಿಗಳು

ವುಝೂ ಮುಗಿಸಿದ ಮೇಲೂ ಕೈ ಒದ್ದೆಯಾಯಿತೋ ಇಲ್ಲವೋ ಎಂದು ಮತ್ತೆ ನಳ್ಳಿ ತಿರುಗಿಸುವವರು ನಿಮ್ಮ ಮನೆಯಲ್ಲೂ ಇರಬಹುದು. ಅದನ್ನು ದೇವಭಯವೆಂದು ಹೊಗಳಬೇಡಿ, ಅದು ವಸ್‌ವಾಸ್. ಖಚಿತವಾದುದು ಬರಿಯ ಸಂಶಯದಿಂದ ಇಲ್ಲವಾಗದು ಎಂಬುದು ಕರ್ಮಶಾಸ್ತ್ರದ ನಿಯಮ.

ಕುರ್‌ಆನಿನ 75ನೇ ಅಧ್ಯಾಯ ಹೇಳುವ ‘ನಫ್ಸುಲ್ ಲವ್ವಾಮ’, ಅಂದರೆ ಆಕ್ಷೇಪಿಸುವ ಮನಸ್ಸು, ಬೇರೆಯೇ. ನೆರೆಯವಳೊಂದಿಗೆ ನೀವಾಡಿದ ಒರಟು ಮಾತನ್ನು ಅದು ಬೆರಳಿಟ್ಟು ತೋರಿಸುತ್ತದೆ. ಕ್ಷಮೆ ಕೇಳಿದರೆ ಸುಮ್ಮನಾಗುತ್ತದೆ. ವಸ್‌ವಾಸ್ ‘ನೀನೇ ಕೆಟ್ಟವಳು’ ಎನ್ನುತ್ತದೆ, ತಿದ್ದಿಕೊಳ್ಳಲು ಏನನ್ನೂ ತೋರಿಸದು.

1095ರಲ್ಲಿ ಬಗ್ದಾದಿನಲ್ಲಿ ಇಮಾಮ್ ಗಝಾಲಿಯವರಿಗೆ ಪಾಠ ಹೇಳಲು ಮಾತೇ ಹೊರಡದಾಯಿತು. ತಮ್ಮ ಬೋಧನೆಯಲ್ಲಿ ಕೀರ್ತಿಯ ಆಸೆ ಕಂಡು, ನಿಝಾಮಿಯ್ಯ ತೊರೆದು ದಮಸ್ಕಸ್‌ನಲ್ಲಿ ಏಕಾಂತಕ್ಕೆ ಕುಳಿತರು. ನೀವು ಅಷ್ಟು ದೂರ ಹೋಗಬೇಕಿಲ್ಲ. ಇಶಾ ಬಳಿಕ ಮುಸಲ್ಲಾದಲ್ಲೇ ಹತ್ತು ನಿಮಿಷ ಕುಳಿತು (ಪಾತ್ರೆಗಳು ಕಾಯಲಿ) ಆ ದನಿ ಯಾವ ಕೆಲಸದ ಬಗ್ಗೆ ಎಂದು ವಿಚಾರಿಸಿ. ನೀರಿನ ಸಂಶಯ ಬಿಡದೆ ಕಾಡಿದರೆ ದುಆದೊಂದಿಗೆ ವೈದ್ಯರನ್ನೂ ಕಾಣಿ.