ಗೋದಿಯ ಅಂಟು ಮತ್ತು ಸೀಲಿಯಾಕ್ ವ್ಯಾಧಿ

ಕೋಟ್ಯಂತರ ಜನರನ್ನು ಪೋಷಿಸುವ ಗೋದಿಯೇ ಕೆಲವರ ಪಾಲಿಗೆ ವ್ಯಾಧಿಯ ಮೂಲವಾಗುವುದೆಂದರೆ ಸೋಜಿಗವೆನಿಸಬಹುದು. ಆದರೆ ಅದು ಸತ್ಯ. ಸೀಲಿಯಾಕ್ ಎಂಬ ಈ ವ್ಯಾಧಿ ಜಗತ್ತಿನಲ್ಲಿ ಸುಮಾರು ನೂರಕ್ಕೊಬ್ಬರಿಗೆ ಇದೆಯೆಂದು ಅಂದಾಜು. ಇದರ ಮರ್ಮವನ್ನರಿಯಲು ವೈದ್ಯವಿಜ್ಞಾನವೂ ಸಸ್ಯವಿಜ್ಞಾನವೂ ಕೈಗೂಡಿಸಬೇಕಾಯಿತು.

1888ರಲ್ಲಿ ಲಂಡನ್ನಿನ ವೈದ್ಯ ಸ್ಯಾಮ್ಯುಯಲ್ ಗೀ ಅವರು ಇದರ ಲಕ್ಷಣಗಳನ್ನು ವಿವರಿಸಿ, ಪರಿಹಾರವು ಪಥ್ಯದಲ್ಲಿಯೇ ಇರಬೇಕೆಂದು ಊಹಿಸಿದರು. ಯಾವ ಪಥ್ಯವೆಂಬುದು ಮಾತ್ರ ತಿಳಿದಿರಲಿಲ್ಲ. ಹಾಲೆಂಡಿನ ಮಕ್ಕಳ ವೈದ್ಯ ವಿಲ್ಲೆಮ್ ಡಿಕ್ಕೆ ಅವರಿಗೆ ಗೋದಿಯ ಮೇಲೆ ಸಂಶಯವಿತ್ತು. 1944-45ರ ಯುದ್ಧಕಾಲದ ಚಳಿಗಾಲದಲ್ಲಿ ಬ್ರೆಡ್ಡು ದುರ್ಲಭವಾಯಿತು. ಊರೆಲ್ಲ ಹಸಿದಿದ್ದಾಗ ಈ ರೋಗಿ ಮಕ್ಕಳು ಚೇತರಿಸಿಕೊಂಡುದು ಆ ಸಂಶಯಕ್ಕೆ ಪುಷ್ಟಿಯಿತ್ತಿತು. 1950ರ ತಮ್ಮ ಪ್ರಬಂಧದಲ್ಲಿ ಅವರು ಗೋದಿಯ ದೋಷವನ್ನು ಸಿದ್ಧಪಡಿಸಿದರು. ದೋಷವು ಪಿಷ್ಟದಲ್ಲಿಲ್ಲ, ಗ್ಲುಟೆನ್ ಎಂಬ ಸಸಾರಜನಕದಲ್ಲಿದೆಯೆಂಬುದು ಅನಂತರ ಸ್ಪಷ್ಟವಾಯಿತು.

ಕಣಕಕ್ಕೆ ಅಂಟು ಬರುವುದೂ ಬ್ರೆಡ್ಡು ಉಬ್ಬುವುದೂ ಈ ಗ್ಲುಟೆನ್ನಿನಿಂದಲೇ. ನಮ್ಮ ಜೀರ್ಣರಸಗಳು ಇದನ್ನು ಪೂರ್ಣವಾಗಿ ತುಂಡರಿಸಲಾರವು. 33 ಅಮೈನೋ ಆಮ್ಲಗಳ ಅಂಥ ಒಂದು ಉಳಿಕೆಯನ್ನು 2002ರಲ್ಲಿ ಅಮೆರಿಕದ ಸ್ಟಾನ್‌ಫರ್ಡ್ ವಿಶ್ವವಿದ್ಯಾನಿಲಯದ ಸಂಶೋಧಕರು ಗುರುತಿಸಿದರು. ಬಹುಮಂದಿಗೆ ಇಂಥ ಉಳಿಕೆಗಳಿಂದ ಬಾಧೆಯಿಲ್ಲ. ಆದರೆ ವಂಶಪಾರಂಪರ್ಯವಾಗಿ ಒಲವುಳ್ಳ ಕೆಲವರಲ್ಲಿ ಕರುಳಿನ ಒಂದು ಕಿಣ್ವವು ಇವುಗಳ ರೂಪವನ್ನು ಬದಲಿಸುತ್ತದೆ. ದೇಹದ ರಕ್ಷಣಾಪಡೆ ಇವನ್ನು ಶತ್ರುವೆಂದು ಭ್ರಮಿಸಿ ಹೋರಾಡುತ್ತದೆ. ಆಹಾರವನ್ನು ಹೀರುವ, ಬೆರಳಿನಾಕಾರದ ಸೂಕ್ಷ್ಮ ಚಾಚಿಕೆಗಳು ಆ ಹೋರಾಟದಲ್ಲಿ ಸವೆದುಹೋಗುತ್ತವೆ. ಮಗು ಉಂಡರೂ ಬೆಳೆಯದು.

ಹಾಗಾದರೆ ದೋಷವಿಲ್ಲದ ಗೋದಿಯನ್ನೇ ಬೆಳೆಯಬಾರದೇಕೆ? ಬ್ರೆಡ್ಡಿನ ಗೋದಿಯಲ್ಲಿ ಮೂರು ಪೂರ್ವಜ ಸಸ್ಯಗಳ 42 ವರ್ಣತಂತುಗಳಿವೆ. ಬಾಧಕ ವಂಶವಾಹಿಗಳು ಹತ್ತಾರು. ಸಾಮಾನ್ಯ ತಳಿಸಂಕರದಿಂದ ಅವನ್ನೆಲ್ಲ ನೀಗುವುದು ದುಸ್ಸಾಧ್ಯ. 2018ರಲ್ಲಿ ಸ್ಪೇನಿನ ಕಾರ್ಡೊಬಾದ ವಿಜ್ಞಾನಿಗಳು ಕ್ರಿಸ್ಪರ್ ತಂತ್ರದಿಂದ, ಗುರುತಿಸಲಾದ 45 ವಂಶವಾಹಿಗಳಲ್ಲಿ 35ನ್ನು ಒಂದು ತಳಿಯಲ್ಲಿ ಮಾರ್ಪಡಿಸಿ, ಬಾಧಕ ಗುಣವನ್ನು ಶೇಕಡ 85ರಷ್ಟು ತಗ್ಗಿಸಿದರು. ಆದರೆ ಉಳಿದ ಪಾಲೂ ರೋಗಿಗೆ ಅಪಾಯಕರವೇ. ವೈದ್ಯರು ಮತ್ತೊಂದು ದಾರಿ ಹಿಡಿದರು: ಆ ಕಿಣ್ವವನ್ನು ತಡೆಯುವ ಔಷಧವೊಂದು ಆರು ವಾರಗಳ ಪರೀಕ್ಷೆಯಲ್ಲಿ ಕರುಳಿನ ಹಾನಿಯನ್ನು ಕಡಿಮೆ ಮಾಡಿತೆಂದು 2021ರಲ್ಲಿ ಪ್ರಕಟವಾಯಿತು. ಆದರೂ ಇಂದಿಗೂ ಸಿದ್ಧವಾದ ಚಿಕಿತ್ಸೆಯೆಂದರೆ ಗೋದಿ, ಜವೆಗೋದಿ, ರೈಗಳನ್ನು ಜೀವನಪರ್ಯಂತ ವರ್ಜಿಸುವುದೇ.

ಭಾರತದಲ್ಲಿ ಗೋದಿಯುಣ್ಣುವ ಉತ್ತರದ ಪ್ರಾಂತಗಳಲ್ಲಿ ಈ ವ್ಯಾಧಿ ಹೆಚ್ಚು, ದಕ್ಷಿಣದಲ್ಲಿ ವಿರಳ. ನಮ್ಮ ರಾಗಿ, ಜೋಳ, ಅಕ್ಕಿ, ಸಜ್ಜೆ, ನವಣೆಗಳಲ್ಲಿ ಈ ಬಾಧಕ ಗ್ಲುಟೆನ್ ಇಲ್ಲ. ರೋಗಿಗೆ ಮುದ್ದೆಯೂ ಜೋಳದ ರೊಟ್ಟಿಯೂ ಪಥ್ಯವೇ ಸರಿ. ಆದರೆ ಹಿಟ್ಟು ಬೀಸುವಾಗ ಗೋದಿ ಬೆರೆಯಬಾರದು. ರವೆ, ಶಾವಿಗೆ, ಹಿಂಗಿನ ಪುಡಿಗಳಲ್ಲಿಯೂ ಗೋದಿ ಅಡಗಿರಬಹುದು.

ಶಾಲೆಯಲ್ಲಿ ವಯಸ್ಸಿಗೆ ತಕ್ಕಂತೆ ಬೆಳೆಯದ, ಕಬ್ಬಿಣದ ಔಷಧ ಕೊಟ್ಟರೂ ರಕ್ತಹೀನತೆ ನೀಗದ, ಮೇಲಿಂದ ಮೇಲೆ ಹೊಟ್ಟೆಯ ತೊಂದರೆಯಿಂದ ನರಳುವ ಮಗುವನ್ನು ಉಪಾಧ್ಯಾಯರು ಸೋಮಾರಿಯೆಂದು ಬಗೆಯದೆ ವೈದ್ಯರಲ್ಲಿಗೆ ಕಳಿಸಲು ಪೋಷಕರಿಗೆ ಸಲಹೆಯೀಯಬೇಕು. ಇದಕ್ಕೆ ಬೇರೆ ಕಾರಣಗಳೂ ಇರಬಹುದಾದುದರಿಂದ ರಕ್ತಪರೀಕ್ಷೆ ಅಗತ್ಯ. ಪರೀಕ್ಷೆಗೆ ಮುನ್ನ ತಾವಾಗಿಯೇ ಗೋದಿಯನ್ನು ಬಿಡಿಸಬಾರದು. ಬಿಡಿಸಿದರೆ ರಕ್ತದಲ್ಲಿನ ಸುಳಿವು ಅಳಿಸಿ ವ್ಯಾಧಿ ಪತ್ತೆಯಾಗದೆ ಹೋಗಬಹುದು. ಆರೋಗ್ಯವಂತರು ಗೋದಿಗೆ ಅಂಜಬೇಕಾದ ಕಾರಣವಿಲ್ಲ. ವ್ಯಾಧಿ ಸಕಾಲದಲ್ಲಿ ಪತ್ತೆಯಾದ ಮಗುವಾದರೋ ಪಥ್ಯವೊಂದರಿಂದಲೇ ಮತ್ತೆ ಬೆಳೆಯುತ್ತದೆ.